ಲಾಟರಿ ಮತ್ತು ಹಣೆಬರಹ

ನಮ್ಮ ಕೇರಿಯ ಹುಡುಗನೊಬ್ಬನಿಗೆ ಮೀಸಲಾತಿಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿದಾಗ ಊರ ಗೌಡರ ಜಗಲಿ ಮೇಲೆ ಒಂದು ಮಾತು ಹುಟ್ಟಿತು: 'ಬಡ್ಡೀಮಗಂಗೆ ಲಾಟ್ರಿ ಹೊಡೀತು ಕಣ್ಲಾ.' ಹುಡುಗ ಬುಡ್ಡಿದೀಪದ ಮುಂದೆ ಕಣ್ಣು ಕೆಡಿಸಿಕೊಂಡಿದ್ದು, ಅವನವ್ವ ಕಂಡವರ ಗದ್ದೆಯಲ್ಲಿ ನಾಟಿ ಹಾಕಿ ಫೀಸು ಕಟ್ಟಿದ್ದು, ಎಲ್ಲ ಆ ಒಂದು ಮಾತಿನಲ್ಲಿ ಅಳಿಸಿಹೋಯಿತು. ಅದೇ ಗೌಡರಿಗೆ ಅಪ್ಪನಿಂದ ಇಪ್ಪತ್ತು ಎಕರೆ ನೀರಾವರಿ ಜಮೀನು ಬಂದಿದೆ. ಅದನ್ನು ಯಾರೂ ಲಾಟರಿ ಅನ್ನುವುದಿಲ್ಲ. ಅದಕ್ಕೆ ಪಿತ್ರಾರ್ಜಿತ ಅಂತ ಹೆಸರು.

ನಮ್ಮ ಹಕ್ಕನ್ನು ಅದೃಷ್ಟ ಅನ್ನುವುದು, ತಮ್ಮ ಅದೃಷ್ಟವನ್ನು ಹಕ್ಕು ಅನ್ನುವುದು. ಈ ಜಾಣತನದ ಬೇರು ಎಲ್ಲಿದೆ ಎಂದು ಹುಡುಕುತ್ತಾ ಹೋದರೆ ಲಾಟರಿಯ ಬಗ್ಗೆಯೇ ಯೋಚಿಸಬೇಕಾಗುತ್ತದೆ.

ನನ್ನ ದೊಡ್ಡಪ್ಪ ಗಾರೆ ಕೆಲಸದವನು. 1990ರ ದಶಕದಲ್ಲಿ ಒಂದಂಕಿ ಲಾಟರಿ ನಮ್ಮ ಪೇಟೆಗಳ ಬಸ್‌ಸ್ಟ್ಯಾಂಡುಗಳಲ್ಲಿ ಮೆರೆಯುತ್ತಿದ್ದಾಗ, ಸಂಜೆ ಕೂಲಿ ಕೈಗೆ ಬಂದ ಕೂಡಲೇ ಅಂಗಡಿ ಮುಂದೆ ಹೋಗಿ ನಿಲ್ಲೋನು. ಮನೆಯಲ್ಲಿ ದೊಡ್ಡವ್ವ ಅಕ್ಕಿಗೆ ಕಾಯುತ್ತಾ ಕೂತಿರೋಳು. ಕಾಲೇಜು ಓದಿದ ಸೊಕ್ಕಿನಲ್ಲಿ ನಾನು 'ಇದೆಲ್ಲ ಮೋಸ ದೊಡ್ಡಪ್ಪ' ಅಂದೆ. ಆತ ಬೀಡಿ ಹಚ್ಚಿ ಹೇಳಿದ: 'ಇರಬೌದು ಕಣ್ ಮಗ. ಆದ್ರೆ ಹೋಟ್ಲೋನು ನನ್ ಲೋಟ ಬ್ಯಾರೆ ಮಡಗ್ತಾನೆ. ಗುಡಿ ಐನೋರು ತೀರ್ಥನ ಮೇಲಿಂದ ಹಾಕ್ತಾರೆ. ಬ್ಯಾಂಕಿನೋನು ನಿಂಗೆ ಜಾಮೀನು ಯಾರಲಾ ಅಂತಾನೆ. ಈ ಲಾಟ್ರಿಯೋನು ಒಬ್ಬನೇ ಜಾತಿ ಕೇಳ್ದೆ ಚೀಟಿ ಕೊಡೋದು. ಆ ನಂಬರಿಗೆ ನಾನ್ ಯಾರು ಅಂತ ಗೊತ್ತಾಯ್ತದಾ?'

ನನ್ನ ಬಾಯಿ ಕಟ್ಟಿಹೋಯಿತು. ಈ ಮಾತಿಗೆ ಉತ್ತರ ಕೊಡದೆ ಲಾಟರಿಯನ್ನು ಬೈಯುವುದು ಹೊಟ್ಟೆ ತುಂಬಿದವರು ಹಸಿದವನಿಗೆ ಹೇಳುವ ನೀತಿಪಾಠವಾಗುತ್ತದೆ.

ಮೊದಲು ಲೆಕ್ಕ ನೋಡೋಣ. 'ಏಳು ಬಾಳ ದಿವಸದಿಂದ ಬಂದಿಲ್ಲ, ಇವತ್ತು ಬಂದೇ ಬರ್ತದೆ' ಎಂಬ ನಂಬಿಕೆ ಸುಳ್ಳು. ಅಂಕಿಗೆ ನೆನಪಿಲ್ಲ. ನೆನ್ನೆಯ ಡ್ರಾ ಇವತ್ತಿನ ಡ್ರಾಗೆ ಗೊತ್ತಿಲ್ಲ. 'ಒಂದೇ ನಂಬರಿನಲ್ಲಿ ತಪ್ಪೋಯ್ತು' ಅನ್ನುವುದೂ ಸುಳ್ಳು ಸಮಾಧಾನ. ಒಂದರಲ್ಲಿ ತಪ್ಪಿದರೂ ಲಕ್ಷದಲ್ಲಿ ತಪ್ಪಿದರೂ ತಪ್ಪಿದ್ದು ತಪ್ಪಿದ್ದೇ. 'ಬಿಡದೆ ಕೊಳ್ಳುತ್ತಿದ್ದರೆ ಒಂದಲ್ಲ ಒಂದು ದಿನ' ಅನ್ನುವವರು ಇದನ್ನು ಕೇಳಲಿ. ಆರು ಅಂಕಿಯ ಒಂದೇ ಸೀರೀಸಿನಲ್ಲಿ ಹತ್ತು ಲಕ್ಷ ನಂಬರುಗಳಿವೆ. ದಿನಕ್ಕೊಂದರಂತೆ ಹತ್ತು ಲಕ್ಷ ಟಿಕೆಟ್ ಕೊಳ್ಳಲು 2,700 ವರ್ಷಕ್ಕೂ ಹೆಚ್ಚು ಬೇಕು. ಬುದ್ಧ ಹುಟ್ಟುವ ಮೊದಲೇ ಶುರುಮಾಡಿದ್ದರೂ ಇವತ್ತಿಗೆ ಮುಗಿಯುತ್ತಿರಲಿಲ್ಲ. ಮುಗಿದರೂ ಮೊದಲ ಬಹುಮಾನ ಬಂದೇ ಬರುತ್ತದೆಂಬ ಖಾತರಿಯಿಲ್ಲ.

ಒಂದಂಕಿಯದು ಇನ್ನೂ ಸಲೀಸು. ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಜನ ಹತ್ತು ಹತ್ತು ರೂಪಾಯಿ ಕಟ್ಟಿದರೆ ನೂರಾಯಿತು. ಗೆದ್ದವನಿಗೆ ತೊಂಬತ್ತೇ ಕೊಟ್ಟರೂ ಹತ್ತು ರೂಪಾಯಿ ನಡೆಸುವವನ ಜೇಬಿಗೆ. ಯಾವ ಅಂಕಿ ಬಂದರೂ ಅವನು ಮಾತ್ರ ಸೋಲುವುದಿಲ್ಲ.

ನಡೆಸುವವನು ಯಾರು? ಸರ್ಕಾರ. ಕೇರಳ 1967ರಲ್ಲಿ ಲಾಟರಿ ಇಲಾಖೆಯನ್ನೇ ತೆರೆಯಿತು. ಒಂದು ರೂಪಾಯಿ ಟಿಕೆಟ್, ಐವತ್ತು ಸಾವಿರ ಬಹುಮಾನ. ಮೊದಲ ಡ್ರಾ ನಡೆದದ್ದು 1968ರ ಜನವರಿ 26, ಗಣರಾಜ್ಯದ ದಿನ. ನಮ್ಮಲ್ಲೂ ಬಹುಕಾಲ ಸರ್ಕಾರವೇ ಲಾಟರಿ ನಡೆಸಿತು. ಮಟ್ಕಾ, ಓಸಿ ಬರೆಯುವವನನ್ನು ಪೊಲೀಸರು ಒದ್ದು ಒಳಗೆ ಹಾಕುತ್ತಾರೆ. ಸರ್ಕಾರದ ಅಪ್ಪಣೆಯಿಲ್ಲದೆ ಲಾಟರಿ ಕಚೇರಿ ಇಡುವುದು 1870ರಿಂದಲೂ ದಂಡಸಂಹಿತೆಯಲ್ಲಿ ಅಪರಾಧ. ಹಾಗಾದರೆ ತಪ್ಪು ಇರುವುದು ಕೆಲಸದಲ್ಲೋ, ಅಪ್ಪಣೆಯಲ್ಲೋ? ಸರ್ಕಾರದ ಲಾಟರಿಯೂ ಜೂಜೇ ಎಂದು 1999ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 1998ರ ಲಾಟರಿ ಕಾಯ್ದೆ ಒಂದಂಕಿ ಲಾಟರಿ ಕೂಡದು ಎಂದಿತು. ಆದರೂ ಜೂಜನ್ನು ನಿಲ್ಲಿಸಲಿಲ್ಲ, ಅದಕ್ಕೊಂದು ನಿಯಮ ಮಾಡಿತು. ಟಿಕೆಟ್ಟಿನ ಮೇಲಿನ ಜಿಎಸ್‌ಟಿ 2020ರ ಮಾರ್ಚ್‌ನಿಂದ ಶೇ. 28 ಇತ್ತು, 2025ರ ಸೆಪ್ಟೆಂಬರ್‌ನಿಂದ ಶೇ. 40 ಆಗಿದೆ. ಬಹುಮಾನ ಬಂದರೆ ಅದಕ್ಕೂ ಆದಾಯ ತೆರಿಗೆ ಶೇ. 30. ಸೋತವನಿಂದಲೂ ತೆರಿಗೆ, ಗೆದ್ದವನಿಂದಲೂ ತೆರಿಗೆ.

'ಆ ದುಡ್ಡಿನಿಂದ ಬಡವರಿಗೇ ಆಸ್ಪತ್ರೆ ಖರ್ಚು ಕೊಡ್ತಾರಲ್ಲ' ಅನ್ನುವವರಿದ್ದಾರೆ. ನಿಜ. ಕೇರಳದಲ್ಲಿ 2011ರಲ್ಲಿ ಶುರುವಾದ ಕಾರುಣ್ಯ ಲಾಟರಿಯ ಹಣ ಬಡರೋಗಿಗಳ ಚಿಕಿತ್ಸೆಗೆ ಹೋಯಿತು. ಟಿಕೆಟ್ ಮಾರಿ ಬದುಕುವ ಅಂಗವಿಕಲರೂ ಮುದುಕರೂ ಅಲ್ಲಿ ಇದ್ದಾರೆ. ಅವರ ಅನ್ನಕ್ಕೆ ನಾನು ಕಲ್ಲು ಹಾಕಲಾರೆ. ನಾನು ಕೇಳುವುದು ಬೇರೆ. ಕೂಲಿಯವನ ಜೇಬಿನಿಂದ ತೆಗೆದು ಕೂಲಿಯವನ ಔಷಧಿಗೆ ಕೊಟ್ಟರೆ ಸರ್ಕಾರ ಕೊಟ್ಟಿದ್ದಾದರೂ ಏನು? ಔಷಧಿ ಅವನ ಹಕ್ಕಾದರೆ, ಅದರ ಖರ್ಚನ್ನು ಉಳ್ಳವರ ಆಸ್ತಿಯಿಂದ ಕೇಳಬೇಕು, ಇಲ್ಲದವನ ಆಸೆಯಿಂದ ಅಲ್ಲ.

ಈಗ ದೊಡ್ಡಪ್ಪನ ಮಾತಿಗೆ ಬರುತ್ತೇನೆ. ಲಾಟರಿಯವನು ಜಾತಿ ಕೇಳುವುದಿಲ್ಲ, ಹೌದು. ಸಾರಾಯಿ ಅಂಗಡಿಯವನು ಕೇಳುತ್ತಿದ್ದನೇ? ಬಡ್ಡಿಯವನು ಕೇಳುತ್ತಾನೆಯೇ? ನಮ್ಮಿಂದ ಕಿತ್ತುಕೊಳ್ಳುವ ಕೈಗೆ ಯಾವತ್ತೂ ಮೈಲಿಗೆಯಿಲ್ಲ. ನಮಗೆ ಕೊಡಬೇಕಾದ ಕೈಗೆ ಮಾತ್ರ ಮೈಲಿಗೆ. ಹತ್ತು ಲಕ್ಷ ಜನ ಸಮಾನವಾಗಿ ಸೋಲುವುದನ್ನು ಸಮಾನತೆ ಅಂತ ಕರೆಯಲು ಬರುವುದಿಲ್ಲ.

ನಮ್ಮ ಅಜ್ಜಂದಿರಿಗೆ 'ಹಿಂದಿನ ಜನ್ಮದ ಕರ್ಮ, ಹಣೇಲಿ ಬರೆದದ್ದು' ಎಂದು ಹೇಳಿ ಬಾಯಿ ಮುಚ್ಚಿಸಿದರು. ನಮಗೆ 'ನಿನ್ನ ನಂಬರು ಇನ್ನೂ ಬಂದಿಲ್ಲ' ಅನ್ನುತ್ತಾರೆ. ಕರ್ಮ ಹಿಂದಿನ ಜನ್ಮ ತೋರಿಸಿತು, ಲಾಟರಿ ಮುಂದಿನ ಡ್ರಾ ತೋರಿಸುತ್ತದೆ. ಜಮೀನು ಯಾರ ಹತ್ತಿರ ಇದೆ, ಕೂಲಿ ಯಾಕೆ ಕಮ್ಮಿ ಎಂದು ಈವತ್ತು ಕೇಳುವುದನ್ನು ಎರಡೂ ತಪ್ಪಿಸುತ್ತವೆ. ಬಾಬಾಸಾಹೇಬರು 1927ರಲ್ಲಿ ಮಹಾಡಿನ ಚವದಾರ್ ಕೆರೆಗೆ ಸಾವಿರಾರು ಜನರ ಜೊತೆ ನಡೆದು ನೀರು ಕುಡಿದರು. ಚೀಟಿ ಎತ್ತಿ ಒಬ್ಬನಿಗೆ ನೀರು ಕೊಡಿ ಎಂದು ಅವರು ಬೇಡಲಿಲ್ಲ. ಹಕ್ಕು ಅಂದರೆ ಎಲ್ಲರಿಗೂ ಬರುವಂಥದ್ದು. ಒಬ್ಬನಿಗೆ ಬಂದು ಉಳಿದವರಿಗೆ ತಪ್ಪುವಂಥದ್ದು ಅದೃಷ್ಟ.

ಕರ್ನಾಟಕ ಸರ್ಕಾರ 2007ರಲ್ಲಿ ಲಾಟರಿಯನ್ನು ನಿಷೇಧಿಸಿತು. ಅದೇ ವರ್ಷ ಸಾರಾಯಿಯನ್ನೂ ನಿಲ್ಲಿಸಿತು. ಒಳ್ಳೆಯದೇ ಆಯಿತು, ದೊಡ್ಡವ್ವನ ಒಲೆ ಸಂಜೆಗೇ ಉರಿಯಿತು. ಆದರೆ ಅಂಗಡಿ ಮುಚ್ಚಿದ್ದರಿಂದ ದೊಡ್ಡಪ್ಪನ ಲೋಟವೇನೂ ಒಳಗೆ ಬರಲಿಲ್ಲ, ಬ್ಯಾಂಕಿನ ಬಾಗಿಲು ತೆರೆಯಲಿಲ್ಲ. ಆದ್ದರಿಂದಲೇ ನಮ್ಮ ಜನ ಗಡಿ ದಾಟಿ ಹೋಗಿ ಕೇರಳದ ಟಿಕೆಟ್ ಕೊಳ್ಳುತ್ತಾರೆ. 2024ರ ಓಣಂ ಬಂಪರಿನ ಇಪ್ಪತ್ತೈದು ಕೋಟಿ ಕರ್ನಾಟಕದವರೊಬ್ಬರಿಗೇ ಬಂತು. ಅವರಿಗೆ ಒಳ್ಳೆಯದಾಗಲಿ. ಆ ಸುದ್ದಿ ಓದಿ ಮಾರನೆಯ ದಿನ ಕೂಲಿ ದುಡ್ಡು ಹಿಡಿದು ಬಸ್ಸು ಹತ್ತಿದವರ ಸುದ್ದಿ ಪೇಪರಿನಲ್ಲಿ ಬರುವುದಿಲ್ಲ.

ಗೆಳೆಯರೆ, ಟಿಕೆಟ್ ಕೊಂಡವನನ್ನು ಹಂಗಿಸಬೇಡಿ. ಆಸೆ ಪಡುವುದು ತಪ್ಪಲ್ಲ. ಆ ಆಸೆಯನ್ನು ಒಬ್ಬೊಬ್ಬನ ಜೇಬಿನೊಳಗಿನ ಚೀಟಿಯಾಗಿ ಮಡಿಸಿಟ್ಟಿದ್ದಾರಲ್ಲ, ಅದು ತಪ್ಪು. ಅದನ್ನು ಬಿಚ್ಚಿ ಸಂಘದಲ್ಲಿ ಎಲ್ಲರ ಮುಂದೆ ಇಡಿ. ಮತ್ತೆ ಯಾವನಾದರೂ ನಮ್ಮ ಮಕ್ಕಳನ್ನು ತೋರಿಸಿ 'ಲಾಟ್ರಿ ಹೊಡೀತು' ಅಂದರೆ ನೇರವಾಗಿ ಹೇಳಿ: 'ಲಾಟ್ರಿ ಹೊಡೆದದ್ದು ನಿಮಗೆ, ಹುಟ್ಟಿದ ದಿವಸವೇ. ನಾವು ತಗೊಂಡದ್ದು ನಮ್ಮ ಪಾಲು. ಇನ್ನೂ ಬಾಕಿ ಐತೆ.'