ಗೊತ್ತಿಲ್ಲದ ರಾಕ್ಷಸನನ್ನು ನಂಬದಿರುವುದು ಹೇಗೆ?

ಬಾಗೂರು ಸೀಮೆಯಲ್ಲಿ ನೆಲದಡಿ ಹೊಳೆ ಹರಿಯುತ್ತದೆ ಎಂದರೆ ಯಾರೂ ಬೆರಗಾಗುವುದಿಲ್ಲ. ಗೊರೂರಿನ ಅಣೆಕಟ್ಟೆಯಿಂದ ಹೊರಟ ಹೇಮಾವತಿ ನೀರು ಬಾಗೂರು–ನವಿಲೆ ಸುರಂಗ ಹೊಕ್ಕು ತುಮಕೂರಿನ ಕಡೆ ಸಾಗುವುದು ಇಲ್ಲಿ ಎಲ್ಲರಿಗೂ ಗೊತ್ತು. ಇದನ್ನೇ ನೂರು ವರ್ಷದ ಹಿಂದೆ ಹೇಳಿದ್ದರೆ ಅಜ್ಜಿಕಥೆ ಎಂದು ನಕ್ಕಿರುತ್ತಿದ್ದರು. ಆಗಬಹುದಾದದ್ದು ವೈಜ್ಞಾನಿಕ ಕಥೆ, ಆಗದ್ದು ಅಜ್ಜಿಕಥೆ, ಎರಡನ್ನೂ ಬೆರೆಸಿದರೆ ಮೈಲಿಗೆ ಎಂಬ ಮಡಿವಂತರ ವಾದ ನನಗೆ ಒಗ್ಗದಿರುವುದು ಇದಕ್ಕೇ. ಆ ಗಡಿಕಲ್ಲನ್ನು ತಲೆಮಾರಿಗೊಮ್ಮೆ ಕಿತ್ತು ನೆಡುತ್ತಲೇ ಇರುತ್ತಾರೆ.

ಕಥೆಯನ್ನು ಎತ್ತಿ ನಿಲ್ಲಿಸುವುದು ಅದರ ಷರತ್ತು. ಬೇತಾಳನದನ್ನೇ ನೋಡಿ: ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಹೋಳಾಗುತ್ತದೆ, ಬಾಯಿ ಬಿಟ್ಟರೆ ಹೆಣ ಮತ್ತೆ ಮರ ಸೇರುತ್ತದೆ. ಹೆಣ ಮಾತಾಡುವುದನ್ನು ತಕರಾರಿಲ್ಲದೆ ಒಪ್ಪುವ ಮಗು, ಈ ಷರತ್ತು ಒಂದು ಸಲ ತಪ್ಪಿದರೂ 'ಅದೆಂಗೆ?' ಎಂದು ಎದ್ದು ಕೂರುತ್ತದೆ. ಪ್ರಯೋಗಶಾಲೆಯಲ್ಲಿ ಕೇಳಬೇಕಾದದ್ದೂ ಅದೇ ಪ್ರಶ್ನೆ.

ಬಿಬಿಸಿಯ 'ಡಾಕ್ಟರ್ ಹೂ' ಧಾರಾವಾಹಿಯಲ್ಲಿ 1968ರ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬಂದ 'ದಿ ಮೈಂಡ್ ರಾಬರ್' ವೈಜ್ಞಾನಿಕ ಕಥೆ, ಅಜ್ಜಿಕಥೆಗಳ ಬೆರಕೆಗೆ ಒಳ್ಳೆಯ ಮಾದರಿ. ಐದು ಕಂತು, ಕಪ್ಪುಬಿಳುಪು. ಕಾಲದಲ್ಲಿ ಓಡಾಡುವ ಡಾಕ್ಟರ್ ತನ್ನ ಜೊತೆಗಾರರಾದ ಜೇಮಿ, ಝೋಯಿಯೊಂದಿಗೆ ಕಥೆಗಳ ಲೋಕದಲ್ಲಿ ಸಿಕ್ಕಿಬೀಳುತ್ತಾನೆ. ಅಲ್ಲಿ ಗಲಿವರ್ ಇದ್ದಾನೆ, ಕೂದಲು ಇಳಿಬಿಡುವ ರಪುಂಜೆಲ್ ಇದ್ದಾಳೆ, ಕೀಲಿ ಕೊಟ್ಟ ಬೊಂಬೆ ಸಿಪಾಯಿಗಳಿದ್ದಾರೆ. ಚಿತ್ರೀಕರಣದ ನಡುವೆ ಜೇಮಿಯ ಪಾತ್ರಧಾರಿ ಫ್ರೇಜರ್ ಹೈನ್ಸ್‌ಗೆ ಸೀತಾಳೆ ಸಿಡುಬು (ಚಿಕನ್‌ಪಾಕ್ಸ್) ಆಯಿತು. ಬೇರೆ ಯಾರಾದರೂ ಆಗಿದ್ದರೆ ಪಾತ್ರವನ್ನು ಸದ್ದಿಲ್ಲದೆ ಮರೆಗೆ ಸರಿಸುತ್ತಿದ್ದರು. ಇವರು ಹಾಗೆ ಮಾಡಲಿಲ್ಲ. ಮುಖ ಅಳಿಸಿಹೋದ ಜೇಮಿಗೆ ಕಣ್ಣು, ಮೂಗು, ಬಾಯಿಯ ತುಂಡುಗಳನ್ನು ಡಾಕ್ಟರ್ ಜೋಡಿಸುತ್ತಾನೆ, ತಪ್ಪಾಗಿ ಜೋಡಿಸುತ್ತಾನೆ, ಬೇರೆ ನಟನ ಮುಖ ಬಂದು ಕೂರುತ್ತದೆ! ಹೊರಗಿನ ರೋಗವೂ ಒಳಗಿನ ಷರತ್ತಿಗೆ ತಲೆಬಾಗಿಯೇ ಕಥೆಗೆ ಬಂತು.

ಆ ಲೋಕದ ಮುಖ್ಯ ಷರತ್ತು ಇದು: 'ನೀನು ಇಲ್ಲ' ಎಂದು ಮನಸಾರೆ ಹೇಳಿದರೆ ಎದುರಿಗಿರುವುದು ಇಲ್ಲವಾಗುತ್ತದೆ. ಒಂಟಿಕೊಂಬಿನ ಕುದುರೆ ಹೀಗೆ ಸ್ತಬ್ಧವಾಗುತ್ತದೆ. ವಿಚಾರವಾದಿಗೆ ಇದಕ್ಕಿಂತ ಹಿತವಾದ ಲೋಕ ಉಂಟೇ! ಆದರೆ ಮೆಡೂಸಾಳ ಎದುರು ಬುದ್ಧಿವಂತೆ ಝೋಯಿಗೂ ಆ ಮಾತು ಹೊರಡುವುದಿಲ್ಲ. ಹಳೆಯ ಕಥೆಯ ಉಪಾಯವಾದ ಕನ್ನಡಿಯೇ ಬೇಕಾಗುತ್ತದೆ. 'ದೆವ್ವಗಿವ್ವ ಏನಿಲ್ಲ ಕಣೋ' ಎಂದು ಮೊಮ್ಮಗನಿಗೆ ಹೇಳಿ, 'ಆದ್ರೂ ಹೊತ್ತು ಮುಳುಗಿದ ಮೇಲೆ ಆ ಹುಣಸೇಮರದ ತಾವ ಹೋಗ್ಬೇಡ' ಎನ್ನುವ ಅಜ್ಜ ನಮ್ಮಲ್ಲಿ ಮನೆಗೊಬ್ಬ. ಅವನದು ಬೂಟಾಟಿಕೆ ಅಲ್ಲ. ಬುದ್ಧಿ ಒಪ್ಪಿದ್ದು ಮೈಗೆ ಇಳಿಯಲು ಹೊತ್ತು ಹಿಡಿಯುತ್ತದೆ.

ಇನ್ನೂ ಗಟ್ಟಿಯಾದ ಪ್ರಶ್ನೆ ಎತ್ತುವವನು ಕಾರ್ಕಸ್. ಅವನು 2000ನೇ ಇಸವಿಯ ಪತ್ರಿಕೆಯ ಚಿತ್ರಕಥೆಯ ವೀರ. ಭವಿಷ್ಯದಿಂದ ಬಂದ ಝೋಯಿಗೆ ಪರಿಚಿತ, ಡಾಕ್ಟರ್ ಮಾತ್ರ ಹೆಸರೂ ಕೇಳಿಲ್ಲ. ಕಥೆಯೋ ಅಲ್ಲವೋ ಗೊತ್ತಿಲ್ಲದವನನ್ನು ಇಲ್ಲ ಎನ್ನುವುದು ಹೇಗೆ? ಕೊನೆಗೆ ಝೋಯಿ ಕೈಕೈ ಮಿಲಾಯಿಸಿ ಅವನನ್ನು ಕೆಡವಬೇಕಾಯಿತು. ಅಪನಂಬಿಕೆಗೂ ಓದು ಬೇಕು ಎಂಬುದನ್ನು ಇಷ್ಟು ತಮಾಷೆಯಾಗಿ ಹೇಳಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹಾಗಾದರೆ ಅಜ್ಜಿಕಥೆ ಕೇಳಿ ಬೆಳೆದವರು ಮೂಢರಾಗುತ್ತಾರೆ ಎಂಬ ಮಾತು ತಿರುಗುಮುರುಗಾಯಿತು. ಮಕ್ಕಳನ್ನು ಚೀಲದಲ್ಲಿ ಹೊತ್ತೊಯ್ಯುವ ಗುಮ್ಮನನ್ನು ಕಥೆಯೆಂದೇ ಕೇಳಿದವರು, ಅವನು ವೇಷ ಬದಲಿಸಿ ಬಂದಾಗ ಗುರುತು ಹಿಡಿಯಬೇಕಿತ್ತು. ಯಾವಾಗಲೂ ಹಾಗಾಗುವುದಿಲ್ಲ ನಿಜ. 2018ರ ಜುಲೈನಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಒಬ್ಬ ಇಂಜಿನಿಯರನ ಜೀವ ತೆಗೆಯಿತು. ಅಲ್ಲಿ ಬಂದದ್ದು ಗುಮ್ಮನೇ, ಆದರೆ 'ಒಂದಾನೊಂದು ಊರಿನಲ್ಲಿ' ಎಂಬ ಮೊದಲ ಸಾಲು ಇಲ್ಲದೆ ಬಂದ. ಆ ಸಾಲು ಇದ್ದಿದ್ದರೆ ಕೇಳುವವನು ತಾನು ಯಾವ ಲೋಕದ ಹೊಸ್ತಿಲಲ್ಲಿದ್ದೇನೆ ಎಂದು ತಿಳಿಯುತ್ತಿದ್ದ. ವದಂತಿಗೆ ಹೊಸ್ತಿಲೇ ಇಲ್ಲ.

ಮೈಂಡ್ ರಾಬರಿನ ಲೋಕವನ್ನು ಆಳುವವನು ರಾಕ್ಷಸನಲ್ಲ, ಹುಡುಗರ ಪತ್ರಿಕೆಗೆ ವಾರಕ್ಕೆ 5000 ಪದದಂತೆ 25 ವರ್ಷ ಧಾರಾವಾಹಿ ಬರೆದ ಮುದಿ ಲೇಖಕ. ಮೂಲದ ಕಥೆಗಳು ಮುಗಿದ ಮೇಲೂ ತಿಂಗಳು ತಪ್ಪದೆ ಬೇತಾಳನನ್ನು ಮಾತಾಡಿಸಿದ ಚಂದಮಾಮದ ಬರಹಗಾರರನ್ನು ನೆನೆದರೆ ಅವನ ಮೇಲೆ ಸಿಟ್ಟು ಬರುವುದಿಲ್ಲ. ಅವನ ತಲೆಯನ್ನು ಯಂತ್ರವೊಂದು ಹಿಡಿದುಕೊಂಡಿದೆ. ತನ್ನ ಜಾಗಕ್ಕೆ ಡಾಕ್ಟರನ್ನು ಕೂರಿಸಬೇಕೆಂದಿದ್ದಾನೆ. ಅಲ್ಲಿ ಬರೆದದ್ದೆಲ್ಲ ನಡೆಯುತ್ತದೆ. ಹಾಗೆಂದು ಗೆಳೆಯರನ್ನು ಬಿಡಿಸಲು ಬರೆಯಹೊರಟ ಡಾಕ್ಟರ್, ತನ್ನ ಹೆಸರು ಬರುವ ಹೊತ್ತಿಗೆ ಗಕ್ಕನೆ ನಿಲ್ಲಿಸುತ್ತಾನೆ: ಕಾಪಾಡುವ ವೀರ ತಾನೇ ಎಂದು ಬರೆದರೆ ತಾನೂ ಬರೀ ಪಾತ್ರವಾಗುತ್ತಾನೆ. ಮುರ್ಕಿಯಲ್ಲಿ ಗುಂಪು ಕಟ್ಟಿದವರೂ ತಮ್ಮನ್ನು ಮಕ್ಕಳ ರಕ್ಷಕರೆಂದೇ ಬರೆದುಕೊಂಡಿದ್ದಿರಬೇಕು.