ಹೊತ್ತು ಮುಳುಗುವುದರೊಳಗೆ



ಈ ಹೊತ್ತು ಓದಿದ ಭಾಗ ಧರ್ಮೋಪದೇಶಕಾಂಡ 24ನೇ ಅಧ್ಯಾಯದ 14 ಮತ್ತು 15ನೇ ವಚನಗಳು. ಬಡ ಕೂಲಿಯಾಳು ನಿಮ್ಮ ಜನವಾಗಿರಲಿ, ಬೇರೆ ಕಡೆಯಿಂದ ಬಂದು ನಿಮ್ಮೂರಲ್ಲಿ ನೆಲೆಸಿದವನಾಗಿರಲಿ, ಅವನನ್ನು ಗೋಳಾಡಿಸಬೇಡಿ. ಅವನ ಕೂಲಿಯನ್ನು ಅದೇ ದಿನ, ಹೊತ್ತು ಮುಳುಗುವುದರೊಳಗೆ ಕೊಟ್ಟುಬಿಡಿ ಎಂಬುದು ಅದರ ತಾತ್ಪರ್ಯ. ಇದರ ಮೇಲೆ ಮಾತಾಡುವ ಮೊದಲು ನಿಮ್ಮೆದುರು ನಾನೊಂದು ತಪ್ಪು ಒಪ್ಪಿಕೊಳ್ಳಬೇಕು.

ಮೊನ್ನೆ ಶುಕ್ರವಾರ ಸಂಜೆ ಇದೇ ಭಾಗ ಓದಿಕೊಂಡು ಪ್ರಸಂಗ ಬರೆಯುತ್ತಾ ಕೂತಿದ್ದೆ. ಹಿತ್ತಲ ಗೋಡೆಯ ಗಾರೆ ಕೆಲಸ ಆಗಷ್ಟೇ ಮುಗಿದಿತ್ತು. ಮೇಸ್ತ್ರಿಯ ಲೆಕ್ಕ ಮುಗಿದು ಅವನು ಹೊರಟಿದ್ದ. ದಿನವಿಡೀ ಮರಳು, ಸಿಮೆಂಟು ಹೊತ್ತ ಹೆಣ್ಣುಮಗಳ ಕೂಲಿ ಮಾತ್ರ ಬಾಕಿ. ಆಕೆ ಬಾಂಡ್ಲಿ ತೊಳೆದು ಗೋಡೆಗೆ ಒರಗಿಸಿ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದು ನಿಂತಳು. ಸಿಮೆಂಟು ತಿಂದ ಬೆರಳ ತುದಿಗಳು ಬೆಳ್ಳಗೆ ಬಿರಿದಿದ್ದವು. ನಾನು ಎದ್ದು ಬೀರು ತೆಗೆಯಬೇಕಿತ್ತು, ಅಷ್ಟೆ. “ಈಗ ಬರೆಯುತ್ತಾ ಇದ್ದೀನಮ್ಮ, ಸೋಮವಾರ ಬಾ” ಅಂದೆ. “ಆಯ್ತು ಅಯ್ಯನೋರೇ” ಅಂತ ಹೊರಟುಹೋದಳು.

ಕನ್ನಡಿಯಲ್ಲಿ ಮುಖ ನೋಡಿಕೊಂಡು, ಆಚೆ ಹೋದ ಕೂಡಲೇ ತನ್ನ ಮುಖ ಹೇಗಿದೆಯೆಂದು ಮರೆಯುವವನ ವಿಷಯ ಯಾಕೋಬನು ತನ್ನ ಪತ್ರಿಕೆಯ ಮೊದಲ ಅಧ್ಯಾಯದಲ್ಲಿ ಬರೆದಿದ್ದಾನೆ. ವಾಕ್ಯವನ್ನು ಕೇಳಿ ಅದರಂತೆ ನಡೆಯದವನು ಅಂಥವನು. ನಾನು ಆಚೆ ಕೂಡ ಹೋಗಿರಲಿಲ್ಲ. ಕನ್ನಡಿ ಮೇಜಿನ ಮೇಲೆ ತೆರೆದೇ ಇತ್ತು.

‘ಕೇಳು’ ಎಂಬ ನಮ್ಮ ಮಾತನ್ನೇ ನೋಡಿ. “ಇವನು ನನ್ನ ಮಾತು ಕೇಳಲ್ಲ” ಎಂದು ತಾಯಿ ದೂರಿದರೆ ಮಗನಿಗೆ ಕಿವುಡು ಎಂದು ಯಾರೂ ತಿಳಿಯುವುದಿಲ್ಲ. ಕೇಳುವುದು ಅಂದರೆ ಹೇಳಿದಂತೆ ಮಾಡುವುದು. ಇಸ್ರಾಯೇಲರ ಹೀಬ್ರೂ ಭಾಷೆಯಲ್ಲೂ ಹೀಗೇ. ಅವರ ‘ಶಮಾ’ ಎಂಬ ಒಂದೇ ಪದ ಕಿವಿಗೊಡುವುದಕ್ಕೂ ವಿಧೇಯರಾಗುವುದಕ್ಕೂ ಸಲ್ಲುತ್ತದೆ. ಹಾಗಾದರೆ ಎಷ್ಟು ಭಾನುವಾರ ನಾವು ಈ ಬೆಂಚುಗಳ ಮೇಲೆ ಕೂತು ದೇವರ ವಾಕ್ಯ ನಿಜವಾಗಿ ಕೇಳಿದ್ದೇವೆ?

“ಕೊಡಲ್ಲ ಅಂದೆನೇ? ನಾಳೆ ಕೊಟ್ಟರಾಯಿತು” ಎಂದು ಮನಸ್ಸು ವಾದ ಹೂಡುತ್ತದೆ. ಸತ್ಯವೇದಕ್ಕೆ ಆ ವಾದ ಹಳೆಯದು. ಕೊಡುವುದು ಕೈಯಲ್ಲಿರುವಾಗ ನೆರೆಯವನನ್ನು ನಾಳೆಗೆ ಸಾಗಹಾಕಬೇಡ ಎಂದು ಜ್ಞಾನೋಕ್ತಿ 3ನೇ ಅಧ್ಯಾಯ ತಡೆಯುತ್ತದೆ. ಕೂಲಿ ಬೆಳಗಿನವರೆಗೂ ನಿನ್ನ ಬಳಿ ಇರಕೂಡದು ಎನ್ನುತ್ತದೆ ಯಾಜಕಕಾಂಡ 19. ಹಿಡಿದಿಟ್ಟುಕೊಂಡ ಕೂಲಿಯೇ ಕೂಗಿಕೊಳ್ಳುತ್ತದೆ, ಆ ಕೂಗು ದೇವರ ಕಿವಿಗೆ ಮುಟ್ಟಿದೆ ಎಂದು ಯಾಕೋಬನು ಹಣವಂತರಿಗೆ ಎಚ್ಚರ ಹೇಳುತ್ತಾನೆ. ಇಷ್ಟೊಂದು ಕಡೆ ಯಾಕೆ ಈ ಆತುರ? ಕಾರಣ ನಮ್ಮ ವಚನದಲ್ಲೇ ಇದೆ. ಆ ಕೂಲಿಯಾಳು ಬಡವ. ಹೀಬ್ರೂ ಮೂಲದ ಮಾತಿನಂತೆ, ಅವನು ತನ್ನ ಪ್ರಾಣವನ್ನೇ ಆ ಕೂಲಿಯ ಕಡೆಗೆ ಎತ್ತಿಕೊಂಡು ನಿಂತಿದ್ದಾನೆ. ನಮಗೆ ಅದು ಮುನ್ನೂರು, ನಾನೂರು ರೂಪಾಯಿ. ಅವನಿಗೆ ಆ ರಾತ್ರಿಯ ಒಲೆ.

ಮತ್ತಾಯ 20ರ ದ್ರಾಕ್ಷೇತೋಟದ ಯಜಮಾನನನ್ನು ನೀವೆಲ್ಲ ಬಲ್ಲಿರಿ. ಕಡೆಗೆ ಬಂದವರಿಗೂ ಇಡೀ ದಿನದ ಕೂಲಿ ಕೊಟ್ಟನಲ್ಲ, ಆ ಕೃಪೆಯನ್ನೇ ನಾನು ಪ್ರತಿ ಸಾರಿ ಪ್ರಸಂಗಿಸಿದ್ದೇನೆ. ಬಟವಾಡೆ ಆದದ್ದು ಯಾವಾಗ? ಸಂಜೆಯಾದಾಗ, ಅಂದೇ. ಕರ್ತನು ಹೇಳಿದ ಆ ಕಥೆಯ ಯಜಮಾನ ಮೋಶೆಯ ಈ ಆಜ್ಞೆಯನ್ನು ಸದ್ದಿಲ್ಲದೆ ಪಾಲಿಸುತ್ತಿದ್ದಾನೆ. ಇಷ್ಟು ವರ್ಷ ಅದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ.

ಆ ಶುಕ್ರವಾರವೇ ಬರೆದ ಹಾಳೆ ಮಗುಚಿಟ್ಟು ಆ ಹೆಣ್ಣುಮಗಳ ಮನೆ ವಿಚಾರಿಸಿಕೊಂಡು ಹೋದೆ. ಹೊತ್ತು ಆಗಲೇ ಮುಳುಗಿತ್ತು. ಶೀಟಿನ ಮನೆ; ಒಳಗೆ ಅನ್ನ ಕುದಿಯುವ ಸದ್ದು. “ನನ್ನಿಂದ ತಪ್ಪಾಯಿತಮ್ಮ” ಎಂದು ಕೂಲಿ ಕೈಗಿಟ್ಟೆ. “ಅಯ್ಯೋ, ಅಷ್ಟಕ್ಕೆ ಇಲ್ಲೀತನಕ ಬಂದ್ರಾ?” ಅಂದಳು. ನೋಟುಗಳನ್ನು ಎಣಿಸಿ, ನೂರರ ಒಂದು ನೋಟು ತೆಗೆದು, ಒಳಗಿದ್ದ ಮಗಳನ್ನು ಕೂಗಿದಳು: “ಪಕ್ಕದ ಮನೆ ಅಕ್ಕ ಅಕ್ಕಿಗೆ ಕೊಟ್ಟಿದ್ರಲ್ಲ, ಮೊದ್ಲು ಇದನ್ನ ಅವರಿಗೆ ಕೊಟ್ಟು ಬಾ. ಆಮೇಲೆ ಉಣ್ಣುವಂತೆ.”