ಉಳಿದುಕೊಂಡವರ ವಂದನಾರ್ಪಣೆ



2025 ಮುಗಿಯುತ್ತಿದೆ. ಗೋದಲಿಗೆಂದು ಮಕ್ಕಳು ಬೆಳೆಸಿದ ರಾಗಿ ಪೈರು ಇನ್ನೂ ಬಾಡಿಲ್ಲ, ಆಗಲೇ 31ರ ರಾತ್ರಿಯ ವಂದನಾರ್ಪಣೆಯ ಪೂಜೆಗೆ ಚೀಟಿಗಳು ಬರತೊಡಗಿವೆ. ಮಗಳ ಮದುವೆಯಾದದ್ದಕ್ಕೆ, ಆಪರೇಷನ್ ಸುಸೂತ್ರವಾಗಿ ಮುಗಿದದ್ದಕ್ಕೆ, ಸೈಟಿನ ಸಾಲ ತೀರಿದ್ದಕ್ಕೆ. ಧರ್ಮಕೇಂದ್ರದ ಸುಖದುಃಖದ ಲೆಕ್ಕ ನನ್ನ ಕೈಗೆ ಸಿಗುವುದು ಈ ಚೀಟಿಗಳಿಂದಲೇ. (ಕಾಣಿಕೆಯ ಲೆಕ್ಕ ಬೇರೆ. ಅದಕ್ಕೆ ಕಮಿಟಿಯವರಿದ್ದಾರೆ.) ಆದರೆ ಈ ಸಲ ಅವುಗಳನ್ನು ಗಟ್ಟಿಯಾಗಿ ಓದಲು ನನಗೆ ಹಿಂಜರಿಕೆಯಾಗುತ್ತಿದೆ. ಕಾರಣ ಹೇಳುತ್ತೇನೆ.

ಆಗಸ್ಟ್ ತಿಂಗಳ ಒಂದು ಭಾನುವಾರ ಒಂದು ಕುಟುಂಬದವರು ಕೃತಜ್ಞತೆಯ ಪೂಜೆ ಹೇಳಿಸಿದ್ದರು. ಮಗ ದುಡಿಯುವ ಕಂಪನಿಯಲ್ಲಿ ಅನೇಕರನ್ನು ಕೆಲಸದಿಂದ ತೆಗೆದಿದ್ದರು. ಇವನ ಹೆಸರು ಪಟ್ಟಿಯಲ್ಲಿರಲಿಲ್ಲ. ನಾನು ಪ್ರಬೋಧನೆಯಲ್ಲಿ ಉತ್ಸಾಹದಿಂದ, "ನಂಬಿದವರ ಕೈಯನ್ನು ದೇವರು ಬಿಡುವುದಿಲ್ಲ ಎಂಬುದಕ್ಕೆ ಈ ಮನೆಯವರೇ ಸಾಕ್ಷಿ" ಎಂದುಬಿಟ್ಟೆ. ಪೂಜೆ ಮುಗಿದ ಮೇಲೆ ಐವತ್ತರ ಆಸುಪಾಸಿನ ಒಬ್ಬರು ಸಕ್ರಿಸ್ತಿಯ ಬಾಗಿಲಲ್ಲಿ ಬಂದು ನಿಂತರು. ಜೂನ್ ತಿಂಗಳಲ್ಲೇ ಅವರಿಗೆ ಕೆಲಸ ಹೋಗಿತ್ತು. ನನಗೆ ಗೊತ್ತಿರಲಿಲ್ಲ, ಗೊತ್ತಿರಬೇಕಿತ್ತು. "ಹಾಗಾದ್ರೆ ದೇವ್ರು ನನ್ನ ಕೈ ಬಿಟ್ಟುಬಿಟ್ರಾ ಫಾದರ್?" ಎಂದು ಕೇಳಿದರು. ದನಿಯಲ್ಲಿ ಕೋಪವಿರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂದು ಕೇಳಿದ್ದರು. ನಾನು ಶಿಲುಬೆಯ ಬಗ್ಗೆ ಏನೋ ಒಂದು ಮಾತು ಹೇಳಿ ಭುಜ ತಟ್ಟಿ ಕಳಿಸಿದೆ. ಗುರುಮಠದಲ್ಲಿ ಅಷ್ಟು ವರ್ಷ ತತ್ವಶಾಸ್ತ್ರ, ದೈವಶಾಸ್ತ್ರ ಓದಿದವನಿಂದ ಬಂದ ಉತ್ತರ ಅಷ್ಟೇ.

ಆ ಪ್ರಶ್ನೆ ಈ ವರ್ಷವಿಡೀ ನಮ್ಮೆಲ್ಲರ ಮುಂದೆ ಇತ್ತೆಂದು ಈಗ ಅನ್ನಿಸುತ್ತದೆ. ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ವಿಜಯೋತ್ಸವದ ನೂಕುನುಗ್ಗಲಿನಲ್ಲಿ 11 ಮಂದಿ ಸತ್ತರು. ಆ ಸಂಜೆ ಎಷ್ಟು ತಾಯಂದಿರು, "ಸದ್ಯ, ನಮ್ಮ ಹುಡುಗ ಮನೆ ಸೇರಿದ" ಎಂದು ಮಾತೆ ಮರಿಯಮ್ಮನವರ ಮುಂದೆ ಮೇಣದಬತ್ತಿ ಹಚ್ಚಿರಬೇಕು! ಎಂಟು ದಿನ ಕಳೆಯುವಷ್ಟರಲ್ಲಿ ಅಹಮದಾಬಾದಿನಲ್ಲಿ ವಿಮಾನ ಬಿತ್ತು. ಅದರಲ್ಲಿದ್ದ 242 ಜನರಲ್ಲಿ ಒಬ್ಬರು ಮಾತ್ರ ಬದುಕಿದರು. ಉಳಿದುಬಂದ ಮಗನಿಗಾಗಿ ತಾಯಿ ವಂದನೆ ಹೇಳಿದರೆ ತಪ್ಪೇನು? ತಪ್ಪಿಲ್ಲ. ಹೇಳದಿದ್ದರೆ ಅವಳು ತಾಯಿಯೇ ಅಲ್ಲ. ಆದರೆ ಬಾರದೇ ಹೋದವರ ತಾಯಂದಿರು ಅಂದು ಬೆಳಿಗ್ಗೆ ಪ್ರಾರ್ಥಿಸಿಯೇ ಇರಲಿಲ್ಲ ಎನ್ನಲು ನಾವು ಯಾರು?

ಡಿಸೆಂಬರ್ 28ರ ಭಾನುವಾರ ಪವಿತ್ರ ಕುಟುಂಬದ ಹಬ್ಬ. ಅಂದಿನ ಶುಭಸಂದೇಶ ಮತ್ತಾಯನ ಎರಡನೆಯ ಅಧ್ಯಾಯದ್ದು. ಸಂತ ಜೋಸೆಫರಿಗೆ ಕನಸಿನಲ್ಲಿ ದೂತನ ಎಚ್ಚರಿಕೆ ಸಿಗುತ್ತದೆ. ರಾತ್ರೋರಾತ್ರಿ ಕೂಸನ್ನೂ ತಾಯಿಯನ್ನೂ ಕರೆದುಕೊಂಡು ಈಜಿಪ್ಟಿಗೆ ಓಡುತ್ತಾರೆ. ಮನೆಯಲ್ಲಿ ಬೈಬಲ್ ತೆರೆದು ನೋಡಿ. ಅಂದಿನ ವಾಚನ 15ನೆಯ ವಚನಕ್ಕೆ ನಿಂತು 19ಕ್ಕೆ ಜಿಗಿಯುತ್ತದೆ. ನಡುವಿನ ಮೂರು ವಚನಗಳಲ್ಲಿ ಇರುವುದು ಹೆರೋದನು ಕೊಲ್ಲಿಸಿದ ಬೆತ್ಲೆಹೇಮಿನ ಹಸುಳೆಗಳು, ಸಮಾಧಾನವನ್ನೇ ಬೇಡವೆಂದ ರಾಖೇಲಳ ಅಳು. ಆ ಹಸುಳೆಗಳನ್ನು ನೆನೆಯುವ ದಿನವೂ ಡಿಸೆಂಬರ್ 28. ಈ ವರ್ಷ ಅದು ಭಾನುವಾರ ಬಂದದ್ದರಿಂದ ಆ ಹಬ್ಬವೂ ಬದಿಗೆ ಸರಿದಿದೆ. ಪೂಜಾವಿಧಿಯ ನಿಯಮಕ್ಕೆ ಅದರದೇ ಕಾರಣವಿದೆ. ಆದರೆ ಹಬ್ಬದ ಸಂತೋಷದಲ್ಲಿ ನಾವು ಮನೆಗಳಲ್ಲಿ ಮಾಡುವುದೂ ಇದನ್ನೇ ಅಲ್ಲವೇ? ಆ ಮೂರು ವಚನಗಳನ್ನು ದಾಟಿಕೊಂಡು ಮುಂದೆ ಹೋಗುತ್ತೇವೆ.

ಬೆತ್ಲೆಹೇಮಿನ ಬೇರೆ ಅಪ್ಪಂದಿರಿಗೆ ಕನಸು ಏಕೆ ಬೀಳಲಿಲ್ಲ? ಮತ್ತಾಯ ಹೇಳುವುದಿಲ್ಲ. ನಾನೂ ಹೇಳಲಾರೆ. ಮುಂದೊಂದು ದಿನ ಆ ಸುದ್ದಿ ಕಿವಿಗೆ ಬಿದ್ದಾಗ ಜೋಸೆಫರು ಮಲಗಿದ್ದ ಕೂಸಿನ ಮುಖ ನೋಡಿ ಏನೆಂದು ಪ್ರಾರ್ಥಿಸಿರಬಹುದು? "ಅವರಿಗಿಂತ ನಾನು ನೀತಿವಂತ, ಅದಕ್ಕೇ ಉಳಿಸಿದಿರಿ" ಎಂದಂತೂ ಇರಲಾರದು. ಹಾಗೆ ಪ್ರಾರ್ಥಿಸಿದವನು ಬೇರೊಬ್ಬನಿದ್ದಾನೆ: ಲೂಕನ ಶುಭಸಂದೇಶದ ಫರಿಸಾಯ. ಅವನ ಪ್ರಾರ್ಥನೆಯೂ ವಂದನಾರ್ಪಣೆಯೇ ಎಂಬುದನ್ನು ನಾವು ಗಮನಿಸುವುದಿಲ್ಲ. ಅವನು ದೇವರಿಗೆ ಕೃತಜ್ಞತೆ ಹೇಳಿದ್ದು ತಪ್ಪಾಗಿರಲಿಲ್ಲ, ಹಿಂದೆ ನಿಂತಿದ್ದ ಸುಂಕದವನತ್ತ ಬೆರಳು ತೋರಿಸಿ ಹೇಳಿದ್ದು ತಪ್ಪಾಯಿತು. ಆಗಸ್ಟ್‌ನಲ್ಲಿ ನಾನು ಪೀಠದಿಂದ ಮಾಡಿದ್ದು ಅದನ್ನೇ. ಬೆರಳು ತೋರಿಸಿರಲಿಲ್ಲ, ಆದರೂ ಆ ಮನುಷ್ಯನಿಗೆ ತಾಗಿತು.

ಸಂತ ಥಾಮಸ್ ಅಕ್ವಿನಾಸರು ಕೃತಜ್ಞತೆಯನ್ನು ನ್ಯಾಯ ಎಂಬ ಸದ್ಗುಣದ ಕೆಳಗೆ ಸೇರಿಸಿದ್ದಾರೆ. ವಿದ್ಯಾರ್ಥಿಯಾಗಿದ್ದಾಗ ಇದು ಶುಷ್ಕ ವಿಂಗಡಣೆ ಎನಿಸಿತ್ತು. ಈಗ ಅರ್ಥವಾಗುತ್ತಿದೆ: ಕೃತಜ್ಞತೆ ಬರೀ ಮನಸ್ಸಿನ ಹಿತವಲ್ಲ, ಅದೊಂದು ಋಣ. ಉಳಿದ ಕೆಲಸ, ಉಳಿದ ಮಗ, ಉಳಿದ ಉಸಿರು ನಮಗೆ ಬಂದ ಬಹುಮಾನವಲ್ಲ, ಹೊತ್ತುಕೊಂಡ ಋಣ. ದೇವರಿಗೆ ಅದನ್ನು ತೀರಿಸಲಾಗದು. ಯಾರಿಗೆ ತೀರಿಸಬೇಕೆಂಬುದನ್ನು ಮತ್ತಾಯ 25ರಲ್ಲಿ ಪ್ರಭುವೇ ಹೇಳಿದ್ದಾರೆ.

ಇನ್ನೊಂದು ಮಾತು. ಬೆತ್ಲೆಹೇಮಿನಲ್ಲಿ ತಪ್ಪಿಸಿಕೊಂಡ ಆ ಕೂಸು ಕಲ್ವಾರಿಯಲ್ಲಿ ತಪ್ಪಿಸಿಕೊಳ್ಳಲಿಲ್ಲ. ಗೆತ್ಸೆಮನೆಯ ರಾತ್ರಿ 'ಎದ್ದು ಓಡು' ಎನ್ನುವ ಕನಸು ಯಾರಿಗೂ ಬೀಳಲಿಲ್ಲ. ಸಕ್ರಿಸ್ತಿಯ ಬಾಗಿಲಲ್ಲಿ ನಿಂತವರ ಪ್ರಶ್ನೆಗೆ ಇದು ವಿವರಣೆಯಲ್ಲ, ಬಲ್ಲೆ. ಆದರೆ ದೇವರು ಉಳಿದವರ ಸಾಲಿನಲ್ಲಿ ಮಾತ್ರ ನಿಂತಿಲ್ಲ ಎಂದು ಧೈರ್ಯದಿಂದ ಹೇಳಲು ನನಗೆ ಇರುವ ಆಧಾರ ಇದೊಂದೇ.

ಗಾಜಾದಲ್ಲಿ ಒಂದೇ ಒಂದು ಕಥೋಲಿಕ ಧರ್ಮಕೇಂದ್ರವಿದೆ. ಅದರ ಹೆಸರೂ ಪವಿತ್ರ ಕುಟುಂಬ. ಯುದ್ಧ ಶುರುವಾದ 2023ರ ಅಕ್ಟೋಬರ್‌ನಿಂದ ಜಗದ್ಗುರು ಫ್ರಾನ್ಸಿಸರು ಹೆಚ್ಚುಕಡಿಮೆ ಪ್ರತಿ ಸಂಜೆ ಅಲ್ಲಿಗೆ ಫೋನ್ ಮಾಡುತ್ತಿದ್ದರು. ಹೇಗಿದ್ದೀರಿ, ಇವತ್ತು ಏನು ಊಟ ಮಾಡಿದಿರಿ ಎಂದು ಕೇಳುತ್ತಿದ್ದರು. 2025ರ ಏಪ್ರಿಲ್ 21ರಂದು ಅವರು ತೀರಿಕೊಂಡರು. ಎರಡು ದಿನ ಮೊದಲೂ ಫೋನ್ ಮಾಡಿದ್ದರು. ಜುಲೈ 17ರಂದು ಅದೇ ದೇವಾಲಯಕ್ಕೆ ಇಸ್ರೇಲಿನ ಶೆಲ್ ಬಿದ್ದು ಮೂವರು ಸತ್ತರು, ಅಲ್ಲಿನ ಗುರುಗಳಿಗೂ ಗಾಯವಾಯಿತು. ಅಷ್ಟು ಕರೆಗಳು ಒಂದು ಶೆಲ್ಲನ್ನೂ ತಡೆಯಲಿಲ್ಲ. ಹಾಗೆಂದು ಅವು ವ್ಯರ್ಥವೆಂದು ಆ ಜನರ ಮುಂದೆ ಹೇಳುವ ಎದೆ ಯಾರಿಗಿದೆ?

ನಿಮ್ಮ ಮನೆಯಲ್ಲಿ 31ರ ರಾತ್ರಿ ಜಪಸರ ಮುಗಿದ ಮೇಲೆ ಒಬ್ಬೊಬ್ಬರಾಗಿ ವಂದನೆ ಹೇಳುವ ರೂಢಿಯಿದ್ದರೆ ಖಂಡಿತ ಬಿಡಬೇಡಿ. ಮೊದಲು ಒಂದು ಹೆಸರು ಹೇಳಿ: ನಿಮಗೆ ಸಿಕ್ಕಿದ್ದು ಈ ವರ್ಷ ಸಿಗದೇ ಹೋದವರ ಹೆಸರು. ಪಕ್ಕದ ಮನೆಯವರಿರಬಹುದು, ಪರೀಕ್ಷೆಯಲ್ಲಿ ನಪಾಸಾದ ಮಗುವಿನ ಗೆಳತಿ ಇರಬಹುದು. ಮಕ್ಕಳಿಂದಲೂ ಹೇಳಿಸಿ. ಮಕ್ಕಳಿಗೆ ನಮಗಿಂತ ಹೆಚ್ಚು ಹೆಸರು ಗೊತ್ತಿರುತ್ತವೆ.

ಆ ಮಹನೀಯರ ಮನೆಗೆ ನಾನು ಹೋದದ್ದು ಅಕ್ಟೋಬರ್‌ನಲ್ಲಿ, ಅಂದರೆ ಎರಡು ತಿಂಗಳು ತಡವಾಗಿ. ತಪ್ಪಾಯಿತೆಂದು ಹೇಳಿದೆ. ಅವರ ಶ್ರೀಮತಿಯವರು ಕಾಫಿ ಕೊಟ್ಟರು. ಈಗ ಅವರು ಒಂದು ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಪಾಳಿಯ ಕಾವಲಿಗೆ ಹೋಗುತ್ತಾರೆ, ಅಲ್ಲಿಂದ ನೇರವಾಗಿ ಆರೂವರೆಯ ಪೂಜೆಗೆ ಬಂದು ಕೊನೆಯ ಬೆಂಚಿನಲ್ಲಿ ಕೂರುತ್ತಾರೆ. 31ರ ರಾತ್ರಿ ಬರುತ್ತೀರಾ ಎಂದು ಮೊನ್ನೆ ಕೇಳಿದೆ. "ಡ್ಯೂಟಿ ಇದೆ ಫಾದರ್" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಚೀಟಿ ಬರೆದು ಕೊಡ್ತೀನಿ, ಓದ್ತೀರಲ್ಲ?" ಎಂದರು.